‘ಎರಡು ಕನಸು’: ಯಾರ ಪಾಲಿಗೆ ಯಾವ ಹಾಡು?

ಹುಲೇಕಲ್ ರಸ್ತೆ, ಶಿರಸಿ

ನಮ್ಮ ಈ ಬಳಗದಲ್ಲಿ ಹಳೆಯ ಕನ್ನಡ ಚಿತ್ರಗಳ ಮಾತು ಎದ್ದಾಗಲೆಲ್ಲ ‘ಎರಡು ಕನಸು’ ಬಂದೇ ಬರುತ್ತದೆ. ಬಂದ ಕೂಡಲೇ ಒಬ್ಬರು ಪಲ್ಲವಿ ಹೇಳುತ್ತಾರೆ, ಇನ್ನೊಬ್ಬರು ಚರಣ ಕೂಡಿಸುತ್ತಾರೆ, ಮೂರನೆಯವರು ಅಂಥ ಕಾಲ ಇನ್ನು ಬಾರದು ಎನ್ನುತ್ತಾರೆ, ಮಾತು ಅಲ್ಲಿಗೇ ನಿಂತುಬಿಡುತ್ತದೆ. 1974ರಲ್ಲಿ ತೆರೆಕಂಡ ಚಿತ್ರವೊಂದು ಐವತ್ತು ವರ್ಷ ದಾಟಿದ ಮೇಲೂ ನಮ್ಮ ಕಡೆಯ ಮನೆಗಳಲ್ಲಿ ಹೀಗೆ ನೆನಪಾಗುವುದಕ್ಕೆ ಹಾಡು ಚೆನ್ನಾಗಿದೆ, ನಟರು ದೊಡ್ಡವರು ಎಂಬ ಉತ್ತರ ಸಾಲದು ಎಂದು ನನಗೆ ಅನ್ನಿಸುತ್ತದೆ. ಹಾಡು ಚೆನ್ನಾಗಿದ್ದೂ, ನಟರು ದೊಡ್ಡವರಾಗಿದ್ದೂ ಹೇಳಹೆಸರಿಲ್ಲದಂತಾದ ಚಿತ್ರಗಳು ಬೇಕಾದಷ್ಟಿವೆ.

ವಾಣಿ ಅವರ ಕಾದಂಬರಿ, ದೊರೈ–ಭಗವಾನ್ ಅವರ ನಿರ್ದೇಶನ, ರಾಜನ್–ನಾಗೇಂದ್ರ ಅವರ ಸಂಗೀತ, ಚಿ. ಉದಯಶಂಕರ್ ಅವರ ಸಾಹಿತ್ಯ. ಕಥೆ ಆ ಕಾಲಕ್ಕೂ ಹೊಸದೇನಲ್ಲ. ನಾಯಕ ಪ್ರೀತಿಸಿದ ಹುಡುಗಿ ಮನೆತನಗಳ ಮನಸ್ತಾಪದಿಂದಾಗಿ ಕೈತಪ್ಪುತ್ತಾಳೆ, ಹಿರಿಯರ ಮಾತಿಗೆ ಕಟ್ಟುಬಿದ್ದು ಅವನು ಇನ್ನೊಬ್ಬಳಿಗೆ ತಾಳಿ ಕಟ್ಟುತ್ತಾನೆ, ಕಟ್ಟಿದ ಮೇಲೆ ಅದೇ ಸೂರಿನಡಿ ಇರುವ ಆಕೆಯನ್ನು ಕಣ್ಣೆತ್ತಿ ನೋಡುವುದಿಲ್ಲ. ನಾಯಕ ರಾಜಕುಮಾರ್, ಮೊದಲಿನವಳು ಮಂಜುಳಾ, ಎರಡನೆಯವಳು ಕಲ್ಪನಾ. ಇದನ್ನು ಮಾತಿನಲ್ಲಿ ಹೇಳಿದರೆ ಹತ್ತು ಚಿತ್ರಗಳ ಕಥೆಯಂತೆ ಕೇಳುತ್ತದೆ. ಚಿತ್ರದ ಹೆಚ್ಚುಗಾರಿಕೆ ಹಾಡುಗಳನ್ನು ಹಂಚಿದ ಬಗೆಯಲ್ಲಿದೆ ಎಂಬುದು ನನ್ನ ವಾದ. ‘ಎಂದೆಂದು ನಿನ್ನನು ಮರೆತು’ ಎಂಬ ಯುಗಳಗೀತೆ ಮಂಜುಳಾ ಅವರ ಪಾಲಿಗೆ ಬಂದಿದೆ. ‘ಪೂಜಿಸಲೆಂದೇ ಹೂಗಳ ತಂದೆ’ ಎಂಬ ಒಂಟಿ ಹಾಡು ಕಲ್ಪನಾ ಅವರಿಗೆ. ನಾಯಕನ ಮನಸ್ಸು ತಿರುಗಿದ ಮೇಲೆ ಮಾತ್ರ ‘ತಂ ನಂ ತಂ ನಂ’ ಎಂಬ ಎರಡನೆಯ ಯುಗಳಗೀತೆ ಹೆಂಡತಿಗೆ ದಕ್ಕುತ್ತದೆ. ಸಂಭಾಷಣೆಯನ್ನೆಲ್ಲ ತೆಗೆದುಹಾಕಿ ಈ ಮೂರನ್ನೇ ಸಾಲಾಗಿ ಕೇಳಿದರೂ ಕಥೆ ಎಲ್ಲಿಂದ ಎಲ್ಲಿಗೆ ಬಂತೆಂದು ತಿಳಿಯುತ್ತದೆ.

ಇದರಲ್ಲಿ ಒಂದು ವಿಚಿತ್ರವೂ ಇದೆ. ನಮ್ಮೂರ ಮದುವೆಗಳ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರು ತಪ್ಪದೆ ಹಾಡುವುದು ‘ಎಂದೆಂದು ನಿನ್ನನು’. ಚಿತ್ರದಲ್ಲಿ ಆ ಹಾಡಿನ ಮಾತು ನಡೆಯುವುದಿಲ್ಲ, ಆ ಜೋಡಿ ಮದುವೆಯಾಗುವುದೂ ಇಲ್ಲ. ಮದುಮಕ್ಕಳು ನಗುತ್ತ ನಿಂತಿರುವಾಗ ಇದನ್ನು ನೆನಪಿಸಿದರೆ ಊಟದ ಪಂಕ್ತಿಯಲ್ಲಿ ನನಗೆ ಜಾಗ ಸಿಗಲಾರದು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅಗಲಿ ಹೋಗುವ ಪ್ರೀತಿಗೆ ಚಿತ್ರದ ಅತ್ಯಂತ ಇಂಪಾದ ರಾಗವನ್ನು ಕೊಟ್ಟುಬಿಡುವ ಧೈರ್ಯವನ್ನು ನಿರ್ದೇಶಕರು ಮಾಡಿದ್ದಾರೆ. ನಾಯಕ ಏಕೆ ಮರೆಯಲಾರ ಎಂಬುದಕ್ಕೆ ಆ ಮೇಲೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ, ಏಕೆಂದರೆ ನಾವೂ ಮರೆತಿರುವುದಿಲ್ಲ.

ಅಘನಾಶಿನಿ ದಡ, ಕುಮಟಾ

ಹುಲೇಕಲ್‌ನವರ ಮಾತಿಗೆ ಯಕ್ಷಗಾನದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪ್ರೇಕ್ಷಕರು ಸಿನಿಮಾ ಹಾಡನ್ನು ಕೇಳುವ ಕ್ರಮವೇ ಬೇರೆ ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ. ಬಯಲಾಟದಲ್ಲಿ ಹಾಡುಗಾರರಾದ ಭಾಗವತರು ಪದ್ಯ ಎತ್ತಿದ ಮೇಲೆಯೇ ಪಾತ್ರಕ್ಕೆ ಕುಣಿತ, ಆ ಪದ್ಯದ ಬೆನ್ನಿಗೇ ಅರ್ಥ, ಅಂದರೆ ಪಾತ್ರದ ಮಾತು. ಪದ್ಯವಿಲ್ಲದೆ ವೇಷಧಾರಿ ಎಷ್ಟೇ ದೊಡ್ಡವನಾದರೂ ಕಥೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಆದ್ದರಿಂದ ಯಾವ ಪಾತ್ರಕ್ಕೆ ಎಷ್ಟು ಪದ್ಯ, ಶೃಂಗಾರದ ಪದ್ಯ ಯಾರಿಗೆ, ಕರುಣರಸದ್ದು ಯಾರಿಗೆ ಎಂಬ ಲೆಕ್ಕ ಗುಣವಂತೆ, ಕರ್ಕಿ ಕಡೆಯ ಆಟ ನೋಡಿ ಬೆಳೆದವರಿಗೆ ಯಾರೂ ಕಲಿಸದೆ ಬರುತ್ತದೆ. ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ಹುಟ್ಟಿದ್ದು. ಟಾಕಿ ಚಿತ್ರಗಳು ನಮ್ಮ ಊರುಗಳಿಗೆ ತಲುಪುವ ಹೊತ್ತಿಗೆ ಈ ಕಿವಿ ತಯಾರಾಗಿಯೇ ಇತ್ತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಈ ಕಿವಿಯಿಂದ ಕೇಳಿದರೆ ‘ಪೂಜಿಸಲೆಂದೇ’ ಹಾಡಿನ ಸ್ಥಾನ ತಿಳಿಯುತ್ತದೆ. ಗಂಡ ಮಾತನಾಡಿಸದ ಮನೆಯಲ್ಲಿ ಹೆಂಡತಿ ದೇವರ ಮುಂದೆ ನಿಂತು ರಾಮನನ್ನು ಬಾಗಿಲು ತೆರೆಯೆಂದು ಬೇಡುತ್ತಾಳೆ. ಆಕೆಯ ಗಂಡನ ಹೆಸರೂ ರಾಮನೇ. ಮೇಲ್ನೋಟಕ್ಕೆ ಭಕ್ತಿಗೀತೆ, ಒಳಗೆ ಗೃಹಿಣಿಯೊಬ್ಬಳ ಅಹವಾಲು. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಲೆಯ ಅರ್ಥಧಾರಿಗೆ ಇಂಥ ಪದ್ಯ ಸಿಕ್ಕರೆ ಅರ್ಧ ತಾಸು ಬಿಡುವುದಿಲ್ಲ. ಕಲ್ಪನಾ ಅವರಿಗೆ ಅಷ್ಟು ಸಮಯವಿಲ್ಲ, ಮಾತೂ ಇಲ್ಲ. ಕಣ್ಣು, ಕತ್ತಿನ ಓಲಾಟ, ಹೂವು ಹಿಡಿದ ಕೈ, ಇಷ್ಟರಲ್ಲೇ ಅರ್ಥ ಹೇಳಬೇಕಾಗಿತ್ತು, ಹೇಳಿದ್ದಾರೆ.

ರಾಜಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯ ರಂಗದಿಂದ ಬಂದವರು, ಅಂದರೆ ಹಾಡಿಕೊಂಡೇ ಅಭಿನಯಿಸಿ ಬೆಳೆದವರು. ತೆರೆಯ ಮೇಲೆ ಅವರ ಹಾಡುಗಳಿಗೆ ಬಹುಕಾಲ ಕೊರಳಾದವರು ಪಿ.ಬಿ. ಶ್ರೀನಿವಾಸ್. ಎರಡನೆಯವರ ದನಿಗೆ ಮೊದಲನೆಯವರು ತುಟಿ ಆಡಿಸುವಾಗ ಎಲ್ಲಿಯೂ ಬೆಸುಗೆ ಕಾಣದಿರುವುದಕ್ಕೆ ಉಸಿರು ಎಲ್ಲಿ ತೆಗೆಯಬೇಕೆಂದು ಬಲ್ಲ ರಂಗನಟನ ದೇಹವೇ ಕಾರಣ.

ಸಿದ್ದಾಪುರದ ಸೊಸೆ

ಇಬ್ಬರೂ ಬರೆದದ್ದು ಓದಲು ಚೆನ್ನಾಗಿದೆ, ಆದರೆ ನನ್ನ ತಕರಾರನ್ನು ಹೇಳಲೇಬೇಕು. ಕಲ್ಪನಾ ಅವರ ಪಾತ್ರದ ತಾಳ್ಮೆಯನ್ನು ಹೊಗಳುವಾಗ ನಾವು ಏನನ್ನು ಹೊಗಳುತ್ತಿದ್ದೇವೆ ಎಂದು ಒಂದು ಕ್ಷಣ ಯೋಚಿಸಬೇಡವೇ? ತನಗೆ ಬೇಡವಾದ ಮದುವೆಯನ್ನು ಬೇಡವೆನ್ನುವ ಎದೆಗಾರಿಕೆ ನಾಯಕನಾದ ಆ ಅಧ್ಯಾಪಕ ಮಹಾಶಯನಿಗೆ ಇರಲಿಲ್ಲ. ಅದರ ದಂಡವನ್ನು ತೆತ್ತವಳು ಏನೂ ಅರಿಯದೆ ಹೊಸಿಲು ದಾಟಿ ಬಂದ ಹುಡುಗಿ. ಆಕೆ ಬೇಡುತ್ತಾಳೆ, ಕಾಯುತ್ತಾಳೆ, ಕೊನೆಗೆ ಅವನಿಗೆ ಬುದ್ಧಿ ಬಂದಾಗ ಒಂದು ಹಾಡನ್ನು ಬಹುಮಾನವಾಗಿ ಪಡೆಯುತ್ತಾಳೆ.

ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಅತ್ತೆಯವರಿಗೂ ನನಗೂ ಮಾತು ಬೆಳೆದಿತ್ತು. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಜಗಲಿಯ ಮೇಲೆ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತವರ ನಡುವೆ ಧಾರವಾಡ ಆಕಾಶವಾಣಿ ಹಾಡುತ್ತಿದ್ದ ಕಾಲವನ್ನು ಅವರು ಬಣ್ಣಿಸುತ್ತಾರೆ. ಕಾಯಿಯನ್ನು ಕತ್ತಿಗೆ ಒತ್ತಿ, ತಿರುವಿ, ಸಿಪ್ಪೆಯನ್ನು ಒಂದು ಕಡೆಗೆ, ಅಡಿಕೆಯನ್ನು ಬುಟ್ಟಿಗೆ ಹಾಕುವ ಕೈಗಳು ಯಾವ ಹಾಡು ಬಂದರೂ ನಿಲ್ಲುತ್ತಿರಲಿಲ್ಲವಂತೆ, ಲೆಕ್ಕಕ್ಕೆ ಸುಲಿಯುವ ಕೆಲಸವದು. ‘ಪೂಜಿಸಲೆಂದೇ’ ಬಂದಾಗ ಮಾತ್ರ ಹೆಂಗಸರ ಕೈ ನಿಧಾನವಾಗುತ್ತಿತ್ತು ಎನ್ನುತ್ತಾರೆ. ಅವರ ವಾದವೂ ತಳ್ಳಿಹಾಕುವಂಥದ್ದಲ್ಲ: “ನೀನು ಅವಳು ಬೇಡಿದ್ದನ್ನು ನೋಡುತ್ತೀ ತಂಗಿ, ನಾವು ಅವಳು ಬಾಯಿಬಿಟ್ಟದ್ದನ್ನು ನೋಡಿದೆವು. ನಮಗೆ ಹಾಗೆ ದೇವರ ನೆಪದಲ್ಲಾದರೂ ಹೇಳಿಕೊಳ್ಳಲು ಬರುತ್ತಿರಲಿಲ್ಲ.”

ಈ ಉತ್ತರದಿಂದ ಅತ್ತೆಯವರು ಅರ್ಥವಾದರು. ಚಿತ್ರವನ್ನು ಕ್ಷಮಿಸಬೇಕೆಂದು ಇನ್ನೂ ಅನ್ನಿಸಿಲ್ಲ.

ಕೋಡಿಬಾಗ, ಕಾರವಾರ

ನಾನು ಕೊಂಕಣಿ ಮನೆಮಾತಿನವನು. ನಮ್ಮ ಹಿರಿಯರ ಕಾಲದಲ್ಲಿ, 1956ರವರೆಗೆ, ಈ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಕಾರವಾರದ ಮನೆಗಳಲ್ಲಿ ಮರಾಠಿ ನಾಟ್ಯಗೀತೆ, ಹಿಂದಿ ಚಿತ್ರಗೀತೆಗಳು ಮೊದಲು ಬಂದು ಜಾಗ ಹಿಡಿದವು, ಕನ್ನಡ ಚಿತ್ರಗೀತೆ ಆಮೇಲೆ ಬಂತು. ಹೀಗಿರುವ ಊರಿನಲ್ಲಿ ರಾಜನ್–ನಾಗೇಂದ್ರರ ಹಾಡುಗಳು ಬೇರೂರಿದ್ದಕ್ಕೆ ಭಾಷಾಭಿಮಾನಕ್ಕಿಂತ ರಾಗವೇ ದೊಡ್ಡ ಕಾರಣ. ಮೈಸೂರಿನ ಶಿವರಾಂಪೇಟೆಯ ಈ ಸಹೋದರರ ಸಂಗೀತದಲ್ಲಿ ಪಲ್ಲವಿಯನ್ನು ಒಮ್ಮೆ ಕೇಳಿದರೆ ಎರಡನೆಯ ಸಲ ನೀವೇ ಗುನುಗಬಲ್ಲಿರಿ. ಚರಣಕ್ಕೆ ಹೋದಾಗ ಮಾತ್ರ ಅದು ಕಾಣಿಸಿದಷ್ಟು ಸುಲಭವಲ್ಲ ಎಂಬುದು ಗೊತ್ತಾಗುತ್ತದೆ. ನಮ್ಮ ಗಣೇಶೋತ್ಸವದ ಹಾಡಿನ ಸ್ಪರ್ಧೆಗಳಲ್ಲಿ ‘ಎಂದೆಂದು ನಿನ್ನನು’ ಆಯ್ದುಕೊಂಡವರು ಪಲ್ಲವಿಯಲ್ಲಿ ಗೆದ್ದು ಚರಣದಲ್ಲಿ ಸೋಲುವುದನ್ನು ತೀರ್ಪುಗಾರನಾಗಿ ಕೂತು ನೋಡಿದ್ದೇನೆ.

ಇನ್ನೊಂದು ಸಂಗತಿ. ಈ ಚಿತ್ರದ ಪ್ರೇಮವನ್ನು ಕನ್ನಡಿಗರ ಎದೆಗೆ ಇಳಿಸಿದ ಮೂರೂ ಕೊರಳುಗಳ ಮನೆಮಾತು ಕನ್ನಡವಲ್ಲ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ ಅವರೂ ತೆಲುಗು ಮನೆಯವರು, ವಾಣಿ ಜಯರಾಂ ವೆಲ್ಲೂರಿನ ತಮಿಳರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು ಮಾತನಾಡುವ ಕಾರವಾರದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಾಣಿ ಜಯರಾಂ 1971ರ ಹಿಂದಿ ಚಿತ್ರ ‘ಗುಡ್ಡಿ’ಯ ಹಾಡಿನಿಂದ ನಮ್ಮ ಕಡೆ ಆಗಲೇ ಪರಿಚಿತರಾಗಿದ್ದರು, ಅದೇ ದನಿ ಕನ್ನಡದಲ್ಲಿ ಕೇಳಿಸಿತೆಂದು ನಮ್ಮ ಓಣಿಯ ಹಿಂದಿ ಹಾಡಿನ ಭಕ್ತರೂ ‘ಎಂದೆಂದು’ವಿಗೆ ಕಿವಿಗೊಟ್ಟರು.

ಹುಲೇಕಲ್‌ನವರ ಹಂಚಿಕೆಯ ವಾದಕ್ಕೆ ಇದರಿಂದಲೇ ಒಂದು ಬಲ ಸಿಗುತ್ತದೆ. ಮಂಜುಳಾ ಅವರ ಯುಗಳಗೀತೆಯಲ್ಲಿ ಕೇಳುವುದು ವಾಣಿ ಜಯರಾಂ ಅವರ ದನಿ. ಕಲ್ಪನಾ ಅವರ ‘ಪೂಜಿಸಲೆಂದೇ’ ಹಾಗೂ ‘ತಂ ನಂ’ ಎರಡರಲ್ಲೂ ಎಸ್. ಜಾನಕಿ. ಹೀಗಾಗಿ ಎರಡು ಕನಸುಗಳಿಗೆ ಎರಡು ಬೇರೆ ಕೊರಳುಗಳು ಬಂದವು. ಕಣ್ಣುಮುಚ್ಚಿ ಕೇಳಿದರೂ ಯಾರ ಮನೆಯಲ್ಲಿ ಇದ್ದೇವೆಂಬುದು ಗೊತ್ತಾಗುತ್ತದೆ.

ಯಾಣದ ದಾರಿ

ನಮ್ಮ ಜಿಲ್ಲೆಯವರು ಪ್ರೇಮಕಥೆಯ ಬಗ್ಗೆ ಇಷ್ಟು ಬರೆದು ‘ನಮ್ಮೂರ ಮಂದಾರ ಹೂವೇ’ಯ ಹೆಸರನ್ನೇ ಎತ್ತದಿರುವುದು ನ್ಯಾಯವೇ? 1996ರ ಚಿತ್ರ, ಸುನೀಲ್‌ಕುಮಾರ್ ದೇಸಾಯಿ ಅವರ ನಿರ್ದೇಶನ, ಇಳಯರಾಜಾ ಅವರ ಸಂಗೀತ, ಶಿವರಾಜಕುಮಾರ್, ರಮೇಶ್ ಅರವಿಂದ್, ಪ್ರೇಮಾ. ಯಾಣದ ಭೈರವೇಶ್ವರ ಶಿಖರ ಮತ್ತು ಮೋಹಿನಿ ಶಿಖರಗಳನ್ನು ನಾಡಿನ ಜನ ಗುರುತು ಹಿಡಿಯುವಂತಾದದ್ದು ಆ ಚಿತ್ರದಿಂದ. ಅದುವರೆಗೆ ಶಿವರಾತ್ರಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ದಾರಿಯಲ್ಲಿ ಆಮೇಲೆ ಬೆಂಗಳೂರಿನ ವಾಹನಗಳು ಸಾಲುಗಟ್ಟಿದವು, ಅದರ ಸುಖದುಃಖಗಳು ಬೇರೆ ಚರ್ಚೆಯ ವಿಷಯ. ನನ್ನ ವಯಸ್ಸಿನವರಿಗೆ ಪ್ರೇಮಗೀತೆ ಎಂದರೆ ‘ಹೇಳೆ ಕೋಗಿಲೆ ಇಂಪಾಗಲಾ’. ‘ಎರಡು ಕನಸು’ ಅಪ್ಪ ಅಮ್ಮನ ಚಿತ್ರ.

ಹುಲೇಕಲ್ ರಸ್ತೆ, ಶಿರಸಿ

ಯಾಣದವರು ಕೋಪಿಸಿಕೊಳ್ಳಬಾರದು. ಆ ಚಿತ್ರ ನನಗೂ ಪ್ರಿಯವೇ. ‘ತರ್ಕ’ದಂಥ ಹಾಡೇ ಇಲ್ಲದ ಚಿತ್ರದಿಂದ ಶುರುಮಾಡಿದ ದೇಸಾಯಿಯವರು ಹಾಡುಗಳಿಂದಲೇ ನಿಲ್ಲುವ ಪ್ರೇಮಕಥೆಯನ್ನು ನಮ್ಮ ಕಾಡಿಗೆ ಬಂದು ಮಾಡಿದರೆಂಬುದು ಹೆಮ್ಮೆಯ ಮಾತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಇಬ್ಬರು ಗೆಳೆಯರ ನಡುವೆ ಒಬ್ಬಳು ಹುಡುಗಿ, ಇಲ್ಲಿ ಇಬ್ಬರು ಹೆಣ್ಣುಮಕ್ಕಳ ನಡುವೆ ಒಬ್ಬ ಗಂಡಸು. ಅಲ್ಲಿ ಮಂಜು, ಬಂಡೆ, ಹಸಿರು ಎಲ್ಲವೂ ಸೇರಿ ಪ್ರೇಮವನ್ನು ಹೊತ್ತು ಸಾಗುತ್ತವೆ, ಇಲ್ಲಿ ನಾಲ್ಕು ಗೋಡೆಗಳ ನಡುವಿನ ಸಂಸಾರದ ಭಾರವನ್ನೆಲ್ಲ ನಟರ ಮುಖ ಮತ್ತು ಹಾಡುಗಾರರ ಕೊರಳು ಹೊರಬೇಕಾಗಿದೆ. ಯಾಣದ ಶಿಖರಗಳ ಮುಂದೆ ಯಾವ ನಟನನ್ನು ನಿಲ್ಲಿಸಿದರೂ ಅರ್ಧ ಕೆಲಸ ಮುಗಿದಿರುತ್ತದೆ. ಹೆಂಡತಿ ತಂದಿಟ್ಟ ಕಾಫಿಯ ಮುಂದೆ ಸುಮ್ಮನೆ ಕೂರುವ ಗಂಡನ ಪಾತ್ರಕ್ಕೆ ಆ ಅನುಕೂಲವಿಲ್ಲ.

ಮಂಜುಳಾ ಅವರ ಬಗ್ಗೆ ಇಲ್ಲಿಯವರೆಗೆ ಯಾರೂ ಸರಿಯಾಗಿ ಬರೆಯಲಿಲ್ಲವೆಂಬ ಕೊರಗಿನಿಂದ ಇನ್ನೊಂದಿಷ್ಟು ಬರೆಯುತ್ತೇನೆ. ಅದೇ 1974ರಲ್ಲಿ, ಅದೇ ರಾಜಕುಮಾರ್ ಎದುರು, ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಅವರು ಮಾಡಿದ್ದು ಹಣದ ಸೊಕ್ಕಿನ, ಬಾಯಿ ಜೋರಿನ ಹುಡುಗಿಯ ಪಾತ್ರ. ಜನ ಅವರನ್ನು ನೆನಪಿಟ್ಟುಕೊಂಡದ್ದು ಆ ಬಜಾರಿ ಹೆಣ್ಣಾಗಿ. ಮುಂದೆ ನಿರ್ಮಾಪಕರೂ ಅಂಥ ಪಾತ್ರಗಳನ್ನೇ ಅವರ ಮುಂದೆ ಮತ್ತೆ ಮತ್ತೆ ತಂದಿಟ್ಟರು. ‘ಎರಡು ಕನಸು’ವಿನಲ್ಲಿ ಅವರ ನಗೆಯಲ್ಲಿ ಸೊಕ್ಕಿಲ್ಲ, ಸಲುಗೆಯಿದೆ. ಕಥೆಯ ಬಹುಭಾಗದಲ್ಲಿ ಕಣ್ಣೆದುರು ಇಲ್ಲದವಳ ನೆರಳು ಮನೆಯ ಮೇಲೆ ಬೀಳಬೇಕಾದರೆ ಇದ್ದಷ್ಟು ಹೊತ್ತು ಆಕೆ ಅಷ್ಟು ಜೀವಂತವಾಗಿ ಇರಬೇಕಾಗಿತ್ತು. ಮಂಜುಳಾ ಇದ್ದರು. ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಅವರಿಗೆ ಸಿಕ್ಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ಸಂಪತ್ತಿಗೆ ಸವಾಲ್’ನ ‘ಯಾರೇ ಕೂಗಾಡಲಿ’ ಹಾಡನ್ನು ರಾಜಕುಮಾರ್ ತಾವೇ ಹಾಡಿದರು. ಅಲ್ಲಿಂದ ಮುಂದೆ ಅವರಿಗೆ ಅವರದೇ ದನಿ ಎಂಬುದು ರೂಢಿಯಾಗುತ್ತ ಹೋಯಿತು. ನಮ್ಮ ಬನವಾಸಿಯ ಕದಂಬರ ಕಥೆಯಾದ ‘ಮಯೂರ’ದಲ್ಲಿ, ಮರುವರ್ಷ, ಅವರ ದನಿಯೂ ಇದೆ, ಶ್ರೀನಿವಾಸ್ ದನಿಯೂ ಇದೆ. ಹೀಗಾಗಿ ‘ಎರಡು ಕನಸು’ ಆ ಹಳೆಯ ಜೋಡಿಯ ಕೊನೆಯ ದೊಡ್ಡ ಪ್ರೇಮಗೀತೆಗಳ ಚಿತ್ರಗಳಲ್ಲಿ ಒಂದಾಗಿ ಉಳಿಯಿತು. ರಾಜಕುಮಾರ್ ಅವರ ದನಿಯಲ್ಲಿ ಅಧಿಕಾರವಿದೆ, ನೆಲದ ಗಟ್ಟಿತನವಿದೆ. ಶ್ರೀನಿವಾಸ್ ದನಿಯಲ್ಲಿ ಹೇಳಬೇಕೋ ಬೇಡವೋ ಎಂಬ ಹಿಂಜರಿಕೆಯಿದೆ. ಎರಡು ಹೆಣ್ಣುಗಳ ನಡುವೆ ಗಟ್ಟಿ ನಿರ್ಧಾರ ಮಾಡಲಾರದ ಈ ನಾಯಕನಿಗೆ, ಮುಖ್ಯವಾಗಿ ‘ಬಾಡಿ ಹೋದ ಬಳ್ಳಿಯಿಂದ’ ಹಾಡುವಾಗ, ಒಪ್ಪುವುದು ಎರಡನೆಯದೇ.

ಶರಾವತಿ ತೀರ, ಹೊನ್ನಾವರ

ಕಲ್ಪನಾ ಅವರ ಅಭಿನಯ ಅತಿಯಾಯಿತು ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ‘ಶರಪಂಜರ’ದ ಕಾವೇರಿಯನ್ನು ಮುಂದಿಟ್ಟುಕೊಂಡು ಹಾಗೆ ಹೇಳುತ್ತಾರೆ, ಅಲ್ಲಿ ಆ ಪಾತ್ರವೇ ಹದ ಮೀರುವಂಥದ್ದು ಎಂಬುದನ್ನು ಮರೆಯುತ್ತಾರೆ. ಹದ ಬಲ್ಲವರೆಂಬುದಕ್ಕೆ ‘ಎರಡು ಕನಸು’ ಸಾಕು. ಎರಡು ವರ್ಷಗಳ ನಂತರ, ಅದೇ ದೊರೈ–ಭಗವಾನ್ ಮತ್ತು ರಾಜನ್–ನಾಗೇಂದ್ರರ ಜೊತೆ, ‘ಬಯಲು ದಾರಿ’ಯಲ್ಲಿ ಅವರು ಅನಂತನಾಗ್ ಎದುರು ಕಾಣಿಸಿಕೊಂಡರು. ಶಿರಾಲಿಯ ಚಿತ್ರಾಪುರ ಮಠದಲ್ಲಿ ಬಾಲ್ಯದ ಕೆಲವು ವರ್ಷ ಕಳೆದ ಅನಂತನಾಗ್ ಅವರನ್ನು ನಮ್ಮ ಕರಾವಳಿಯವರು ಮನೆಯ ಹುಡುಗನೆಂದೇ ನೋಡುತ್ತಾರೆ, ಆದ್ದರಿಂದ ಆ ಚಿತ್ರದ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ. ಆದರೂ ಹೇಳುತ್ತೇನೆ: ‘ಬಾನಲ್ಲು ನೀನೆ’ ಹಾಡಿನಲ್ಲಿ ಜಾನಕಿಯವರ ದನಿ ಹಾರಾಡುತ್ತದೆ, ಕಲ್ಪನಾ ಅದರ ಜೊತೆ ಹಾರುತ್ತಾರೆ, ‘ಪೂಜಿಸಲೆಂದೇ’ಯಲ್ಲಿ ಅದೇ ದನಿ, ಅದೇ ನಟಿ, ನಿಂತ ಜಾಗ ಬಿಟ್ಟು ಕದಲುವುದಿಲ್ಲ. ಒಬ್ಬ ನಟಿ ಏನು ಮಾಡಬಲ್ಲಳೆಂದು ತಿಳಿಯಬೇಕಾದವರು ಈ ಎರಡನ್ನು ಒಂದೇ ಸಂಜೆ ನೋಡಬೇಕು. 1979ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಪೇಟೆಯ ಅಂಗಡಿಕಟ್ಟೆಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಸಿದ್ದಾಪುರದ ಅಕ್ಕನವರ ಆಕ್ಷೇಪಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ, ಕಥೆಯ ಮಟ್ಟಿಗೆ. ಆದರೆ ಕಾದಂಬರಿಗಾರ್ತಿ ವಾಣಿಯವರು ಬರೆಯುತ್ತಿದ್ದದ್ದು ಇಂಥ ಮನೆಗಳಿಗೇ. ‘ಶುಭಮಂಗಳ’, ‘ಹೊಸ ಬೆಳಕು’ ಕೂಡ ಅವರ ಕಾದಂಬರಿಗಳಿಂದಲೇ ಬಂದ ಚಿತ್ರಗಳು. ಅವುಗಳಲ್ಲಿಯೂ ಮನೆಯೊಳಗೆ ಆಡದೆ ಉಳಿದ ಮಾತಿನದೇ ಕಥೆ.

ಸಿದ್ದಾಪುರದ ಸೊಸೆ

ಒಪ್ಪಿಗೆಗೆ ಧನ್ಯವಾದಗಳು, ಅಣ್ಣ. ಹುಲೇಕಲ್‌ನವರ ವಾದದ ಮೇಲೆಯೇ ಈಗ ನನ್ನ ಎರಡನೆಯ ತಕರಾರು. ಹಾಡು ಯಾರ ಪಾಲಿಗೆ ಬಂತೆಂಬುದೇ ಕಥೆಯಾದರೆ, ಈ ಚಿತ್ರದಲ್ಲಿ ಗೆದ್ದವರು ಯಾರು? ಐವತ್ತು ವರ್ಷಗಳ ನಂತರ ಜನ ಮೊದಲು ಗುನುಗುವುದು ‘ಎಂದೆಂದು ನಿನ್ನನು’. ಕಥೆ ನಾಯಕನನ್ನು ಹೆಂಡತಿಯ ಕಡೆಗೆ ತಿರುಗಿಸಿತು, ರಾಗ ಮಾತ್ರ ಪ್ರೇಕ್ಷಕರನ್ನು ಮೊದಲಿನವಳ ಬಳಿಯಲ್ಲೇ ಬಿಟ್ಟಿತು. ಕಲ್ಪನಾ ಅವರಿಗೆ ಗಂಡ ಸಿಕ್ಕ, ಹಾಡಿನಲ್ಲಿ ಮೊದಲ ಸ್ಥಾನ ಸಿಗಲಿಲ್ಲ.

ಹುಲೇಕಲ್ ರಸ್ತೆ, ಶಿರಸಿ

ಇದಕ್ಕೆ ಉತ್ತರಿಸುವ ಮೊದಲು ಎರಡು ಯುಗಳಗೀತೆಗಳನ್ನೂ ಮತ್ತೆ ಕೇಳಿದೆ. ‘ಎಂದೆಂದು’ ದೀರ್ಘ ಉಸಿರಿನ ಹಾಡು. ಅಗಲಿ ಬಾಳಲಾರೆ, ಮರೆತು ಇರಲಾರೆ ಎಂದು ಮುಂದಿನ ದಿನಗಳನ್ನೆಲ್ಲ ಒತ್ತೆಯಿಟ್ಟು ಮಾತು ಕೊಡುತ್ತದೆ. ‘ತಂ ನಂ’ ಯಾವ ಮಾತನ್ನೂ ಕೊಡುವುದಿಲ್ಲ. ಮನಸ್ಸು ಈಗ ಮಿಡಿಯುತ್ತಿದೆ, ಸೋತಿದೆ ಎಂದಷ್ಟೇ ಹೇಳಿ ತಾಳದ ಜೊತೆ ಕುಣಿಯುತ್ತದೆ. ಒಮ್ಮೆ ಮಾತು ಕೊಟ್ಟು ಉಳಿಸಿಕೊಳ್ಳಲಾಗದ ಗಂಡಸಿನ ಬಾಯಿಯಲ್ಲಿ ಮತ್ತೊಂದು ಆಣೆ ಇಟ್ಟಿದ್ದರೆ ಯಾರು ನಂಬುತ್ತಿದ್ದರು? ಉದಯಶಂಕರ್ ಅದನ್ನು ಬಲ್ಲವರಾಗಿ ಹಗುರ ಪದಗಳಲ್ಲಿ ಬರೆದರು, ರಾಜನ್–ನಾಗೇಂದ್ರ ಹಗುರ ನಡೆಯಲ್ಲೇ ಕೂರಿಸಿದರು. ಗುನುಗುವವರ ಲೆಕ್ಕ ಹಿಡಿದರೆ ಅಕ್ಕನವರ ಮಾತು ಸರಿ. ಆ ದೃಶ್ಯದಲ್ಲಿ ಕಲ್ಪನಾ ಅವರ ಮುಖ ನೋಡುತ್ತ ಕೇಳಿದರೆ ನನಗೆ ‘ತಂ ನಂ’ ಕಡಿಮೆಯ ಹಾಡಾಗಿ ಕೇಳುವುದಿಲ್ಲ.

ಸಿದ್ದಾಪುರದ ಸೊಸೆ

ಮುಖ ನೋಡಿದರೆ ಎಂಬುದನ್ನು ಒಪ್ಪಿದೆ. ರೇಡಿಯೋದಲ್ಲಿ ಮುಖ ಕಾಣುತ್ತಿರಲಿಲ್ಲ, ನಮ್ಮ ಅತ್ತೆಯವರ ಕೈ ನಿಧಾನವಾದದ್ದು ಎರಡು ಯುಗಳಗೀತೆಗಳಿಗೂ ಅಲ್ಲ.